ಹಿಂಜವಾಡಿಯ ಬಿಳಿ ಬೂಟು: ಒಂದು ಗಿಡ್ಡ ಜೋಡಿನ ಉದ್ದ ಚರಿತ್ರೆ

ಹಿಂಜವಾಡಿಯ ಶಿವಾಜಿ ಚೌಕದಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ನಿಂತು, ಜನರ ಮುಖ ಬಿಟ್ಟು ಕಾಲಷ್ಟೇ ನೋಡಿ. ಕಂಪನಿ ಬಸ್ಸಿನಿಂದ ಇಳಿಯುವವರು, ಸಿಗ್ನಲ್ಲಿನಲ್ಲಿ ಬೈಕಿನಿಂದ ಕಾಲು ಕೆಳಗೂರಿದವರು, ವಡಾಪಾವ್ ಗಾಡಿಯ ಮುಂದೆ ಸಾಲು ನಿಂತವರು... ಬಹಳಷ್ಟು ಕಾಲುಗಳಲ್ಲಿ ಕಾಣುವುದು ಒಂದೇ ಥರದ ಜೋಡು. ತಳ ಚಪ್ಪಟೆ, ಬಣ್ಣ ಬಿಳಿ ಅಥವಾ ಬಿಳಿಗೆ ಹತ್ತಿರದ್ದು, ಮೇಲಂಚು ಕಾಲಿನ ಗಿಣ್ಣು ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಇದಕ್ಕೇ ಈಗಿನವರು ಲೋ-ಟಾಪ್ ಸ್ನೀಕರ್ ಅನ್ನುತ್ತಾರೆ. ಹುಡುಗರು ಜೀನ್ಸಿನ ಕೆಳಗೆ ಹಾಕುತ್ತಾರೆ, ಹುಡುಗಿಯರು ಕುರ್ತಿಯ ಕೆಳಗೆ ಹಾಕುತ್ತಾರೆ. ನವರಾತ್ರಿಯಲ್ಲಿ ಸೀರೆಯ ಕೆಳಗೆ ಹಾಕಿಕೊಂಡು ಬಂದವರನ್ನೂ ನಾನು ಕಂಡಿದ್ದೇನೆ.

ನಾನು ಪುಣೆಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಆಗ ಹಿಂಜವಾಡಿ ಅಂದರೆ ಮುಳಶಿ ತಾಲೂಕಿನ ಒಂದು ಹಳ್ಳಿ, ಹೊಲಗಳ ನಡುವೆ ಒಂದೆರಡು ಗಾಜಿನ ಕಟ್ಟಡ, ಅಷ್ಟೇ. ಆ ಕಟ್ಟಡಗಳಿಗೆ ಹೋಗುವವರ ಕಾಲಲ್ಲಿ ಕಪ್ಪು ಚರ್ಮದ ಬೂಟು, ಪಕ್ಕದ ಹೊಲದಲ್ಲಿ ಕೆಲಸ ಮಾಡುವವರ ಕಾಲಲ್ಲಿ ದಪ್ಪ ತಳದ ಚಪ್ಪಲಿ, ಇಲ್ಲವೇ ಏನೂ ಇಲ್ಲ. ಈಗ ಎಂಜಿನಿಯರಿನ ಕಾಲಲ್ಲೂ, ಅವನಿಗೆ ಊಟ ತಂದುಕೊಡುವ ಹುಡುಗನ ಕಾಲಲ್ಲೂ ಇರುವುದು ನೋಡಲಿಕ್ಕೆ ಒಂದೇ. ಬೆಲೆಯಲ್ಲಿ ಹತ್ತು ಪಟ್ಟು ಫರಕು ಇದ್ದೀತು, ಆಕಾರದಲ್ಲಿ ಇಲ್ಲ. ಇದು ಸಣ್ಣ ಬದಲಾವಣೆ ಅಲ್ಲ ಸ್ವಾಮಿ. ನಮ್ಮ ದೇಶದಲ್ಲಿ ಕಾಲಿಗೆ ಏನು ಹಾಕಬೇಕು, ಯಾರು ಹಾಕಬೇಕು, ಎಲ್ಲಿ ಬಿಚ್ಚಬೇಕು ಅನ್ನುವುದನ್ನು ಕಾಲಿನ ಯಜಮಾನನೇ ನಿರ್ಧರಿಸಿದ್ದು ಬಹಳ ಕಡಿಮೆ. ದಿನಬಳಕೆಗೆ ಒಂದು ಚೆಂದದ ಗಿಡ್ಡ ಬೂಟು ಆರಿಸುವುದು ಹೇಗೆ ಅಂತ ಮಾತಾಡುವ ಮೊದಲು, ಆರಿಸುವ ಹಕ್ಕು ನಮಗೆ ಬಂದದ್ದು ಹೇಗೆ ಅಂತ ನೋಡೋಣ.

ಸದ್ದಿಲ್ಲದ ತಳ

ಮರದ ಹಾಲಿನಿಂದ ಮಾಡಿದ ರಬ್ಬರು ಮೊದಲಿಗೆ ಯಾರಿಗೂ ಅಷ್ಟು ಉಪಯೋಗಕ್ಕೆ ಬಂದಿರಲಿಲ್ಲ. ಬಿಸಿಲಿಗೆ ಅಂಟಂಟು, ಚಳಿಗೆ ಕಲ್ಲು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದರೆ ಅದು ಗಟ್ಟಿಯೂ ಆಗುತ್ತದೆ, ಬಾಗುವ ಗುಣವನ್ನೂ ಉಳಿಸಿಕೊಳ್ಳುತ್ತದೆ ಅಂತ ಕಂಡುಕೊಂಡ. 1844ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಅಲ್ಲಿಂದ ಬಟ್ಟೆಯ ಮೇಲ್ಭಾಗಕ್ಕೆ ರಬ್ಬರ್ ತಳ ಹಚ್ಚಿದ ಹಗುರ ಜೋಡುಗಳು ಶುರುವಾದವು. ಇಂಗ್ಲೆಂಡಿನಲ್ಲಿ ಸಮುದ್ರದಂಡೆಗೆ ಹೋಗುವವರು ಹಾಕಿದರು, ಟೆನ್ನಿಸ್ ಆಡುವವರು ಹಾಕಿದರು. ಚರ್ಮದ ಬೂಟಿನ ಹಾಗೆ ಟಕ್ ಟಕ್ ಅನ್ನದೆ ಬೆಕ್ಕಿನ ಹಾಗೆ ಸದ್ದಿಲ್ಲದೆ ನಡೆಯಬಹುದಾದ್ದರಿಂದ ಅಮೆರಿಕದಲ್ಲಿ ಇದಕ್ಕೆ ಸ್ನೀಕರ್ ಅನ್ನುವ ಹೆಸರು ಬಿತ್ತು. ಸ್ನೀಕ್ ಅಂದರೆ ಕಳ್ಳಹೆಜ್ಜೆ ಹಾಕುವುದು. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೇ ಈ ಶಬ್ದ ಬಳಕೆಯಲ್ಲಿತ್ತು.

1916ರಲ್ಲಿ ಅಮೆರಿಕದ ಒಂದು ರಬ್ಬರ್ ಕಂಪನಿ ಕೆಡ್ಸ್ ಅನ್ನುವ ಹೆಸರಿನಲ್ಲಿ ಇವನ್ನು ದೊಡ್ಡ ಪ್ರಮಾಣದಲ್ಲಿ ಮಾರಲಿಕ್ಕೆ ಹೊರಟಿತು. 1917ರಲ್ಲಿ ಕಾನ್ವರ್ಸ್ ಕಂಪನಿ ಬಾಸ್ಕೆಟ್‌ಬಾಲಿಗೆ ಅಂತ ಆಲ್ ಸ್ಟಾರ್ ಬೂಟು ತಂದಿತು. ಅದು ಗಿಣ್ಣು ಮುಚ್ಚುವ ಎತ್ತರದ ಬೂಟು. ಹಾರಿ ಹಾರಿ ಆಡುವವರ ಗಿಣ್ಣು ತಿರುಚಬಾರದು ಅನ್ನುವುದು ಎತ್ತರದ ಹಿಂದಿನ ನಂಬಿಕೆ. ಅದೇ ಬೂಟಿನ ಗಿಡ್ಡ ಅವತಾರ ಬಂದದ್ದು 1957ರಲ್ಲಿ. ಗಿಣ್ಣು ಬಿಟ್ಟುಕೊಟ್ಟ ಆ ಬೂಟು ಆಟದ ಅಂಗಳಕ್ಕಿಂತ ಹೆಚ್ಚಾಗಿ ಬೀದಿಯಲ್ಲಿ ಓಡಾಡಿತು.

ಆಮೇಲೆ ಬಂದ ಹೆಸರುವಾಸಿ ಜೋಡುಗಳೆಲ್ಲ ಹೆಚ್ಚುಕಡಿಮೆ ಗಿಡ್ಡವೇ. ಜರ್ಮನಿಯ ಹೆರ್ಜೋಗೆನೌರಾಕ್ ಅನ್ನುವ ಸಣ್ಣ ಊರಿನ ಡಾಸ್ಲರ್ ಅಣ್ಣತಮ್ಮಂದಿರು ಜಗಳವಾಡಿ ಬೇರೆಯಾಗಿ ಒಬ್ಬ ಪೂಮಾ, ಇನ್ನೊಬ್ಬ ಅಡಿಡಾಸ್ ಕಟ್ಟಿದ ಕಥೆ ನಿಮಗೆ ಗೊತ್ತಿದ್ದೀತು. ಪೂಮಾದ ಸ್ವೇಡ್ 1968ರದ್ದು, ಅಡಿಡಾಸಿನ ಸೂಪರ್‌ಸ್ಟಾರ್ 1969ರದ್ದು. ಈಗ ಆಫೀಸಿನಲ್ಲಿ ಕಾಣುವ ಬೋಳು ಬಿಳಿ ಬೂಟುಗಳ ಮುತ್ತಜ್ಜ ಅಂದರೆ ಅಡಿಡಾಸ್‌ನ ಟೆನ್ನಿಸ್ ಬೂಟು. 1960ರ ದಶಕದಲ್ಲಿ ಫ್ರಾನ್ಸಿನ ಆಟಗಾರ ರಾಬರ್ಟ್ ಹೈಲೆ ಹೆಸರಿನಲ್ಲಿ ಬಂದು, 70ರ ದಶಕದಲ್ಲಿ ಸ್ಟ್ಯಾನ್ ಸ್ಮಿತ್ ಹೆಸರು ಪಡೆದುಕೊಂಡಿತು. ನಡುವೆ ಒಮ್ಮೆ ಅಂಗಡಿಯಿಂದ ಮರೆಯಾಗಿ 2014ರಲ್ಲಿ ಮತ್ತೆ ಬಂದಾಗ ಎಲ್ಲೆಲ್ಲೂ ಬಿಳಿ ಬೂಟಿನ ಅಲೆ ಎದ್ದಿತು.

ಇದು ಅವರ ಕಥೆ. ನಮ್ಮ ಕಾಲಿನ ಕಥೆ ಬೇರೆ.

ಕೆರ, ಎಕ್ಕಡ, ಮೆಟ್ಟು, ಜೋಡು

ಕಾಲಿಗೆ ಹಾಕುವುದಕ್ಕೆ ಕನ್ನಡದಲ್ಲಿ ಎಷ್ಟು ಶಬ್ದ ಇವೆ ನೋಡಿ. ಕೆರ, ಎಕ್ಕಡ, ಮೆಟ್ಟು, ಜೋಡು, ಚಡಾವು, ಕಾಲ್ಮರಿ, ಚಮ್ಮಾವುಗೆ. ಇಷ್ಟು ಶಬ್ದ ಇದ್ದರೂ ಬಹಳ ಸಲ ಇವು ಬಾಯಿಗೆ ಬರುವುದು ಬೈಯುವಾಗಲೇ! ಹೊಡೆಯುತ್ತೇನೆ ಅನ್ನುವುದಕ್ಕಿಂತ ಎಕ್ಕಡದಲ್ಲಿ ಹೊಡೆಯುತ್ತೇನೆ ಅನ್ನುವುದು ದೊಡ್ಡ ಅವಮಾನ. ಯಾಕೆ? ಅದು ಸತ್ತ ದನದ ತೊಗಲು, ಅದನ್ನು ಮುಟ್ಟಿ ಹೊಲಿದವರನ್ನು ಮುಟ್ಟಬಾರದವರು ಅಂತ ಊರ ಹೊರಗೆ ಇಟ್ಟಿದ್ದರು. ತೊಗಲು ಹದ ಮಾಡುವ ಡೋಹರರು, ರಂಪಿಗೆ ಹಿಡಿದು ಚಪ್ಪಲಿ ಹೊಲಿಯುವ ಸಮಗಾರರು, ಮಚಿಗಾರರು. ಇಡೀ ಊರಿಗೆ ಜೋಡು ಹೊಲಿದುಕೊಟ್ಟವರು ಗೌಡರ ವಾಡೆಯ ಮುಂದೆ ಹಾಯುವಾಗ ತಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಬೇಕಿತ್ತು. ಇದು ಯಾವುದೋ ಪುರಾಣಕಾಲದ ಮಾತಲ್ಲ, ನಮ್ಮ ಅಜ್ಜಂದಿರು ಕಣ್ಣಾರೆ ಕಂಡದ್ದು.

ಇದನ್ನು ಎಂಟುನೂರು ವರ್ಷಕ್ಕೂ ಹಿಂದೆ ಕಲ್ಯಾಣದಲ್ಲಿ ಒಮ್ಮೆ ಪ್ರಶ್ನೆ ಮಾಡಿದ್ದರು. ಸಮಗಾರ ಹರಳಯ್ಯನ ಕಥೆ ಕನ್ನಡಿಗರಿಗೆ ಹೊಸದಲ್ಲ. ಬಸವಣ್ಣ ತನಗೆ ಮರುಶರಣು ಎರಡು ಸಲ ಹೇಳಿದ್ದು ಭಾರವಾಯಿತು ಅಂತ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿ ಒಯ್ದರಂತೆ. ಬಸವಣ್ಣ ಅದನ್ನು ಮೆಟ್ಟದೆ ತಲೆಯ ಮೇಲೆ ಇಟ್ಟುಕೊಂಡನಂತೆ. ಮುಂದೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಆದ ಮದುವೆ ಕಲ್ಯಾಣದಲ್ಲಿ ರಕ್ತ ಹರಿಸಿತು. ಕಥೆಯಲ್ಲಿ ಭಕ್ತಿ ಎಷ್ಟು, ಚರಿತ್ರೆ ಎಷ್ಟು ಅನ್ನುವ ಚರ್ಚೆ ಬೇರೆ. ಆದರೆ ಜೋಡು ಹೊಲಿದವನ ಹೆಸರು ನೆನಪಿಟ್ಟುಕೊಂಡ ಸಮಾಜಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಆ ಮಟ್ಟಿಗೆ ಕನ್ನಡಿಗರು ಭಾಗ್ಯವಂತರು. ನೆನಪಿಟ್ಟುಕೊಂಡೂ ಅದರಂತೆ ನಡೆಯಲಿಲ್ಲ ಅನ್ನುವುದೂ ಅಷ್ಟೇ ನಿಜ.

ಹರಳಯ್ಯನ ಕಸುಬಿನ ಕೊಂಡಿ ಈಗಲೂ ಇದೆ. ಹಿಂಜವಾಡಿಯ ಪಕ್ಕದಲ್ಲೇ, ವಾಕಡದಲ್ಲಿ, ಮುಂಬಯಿ-ಬೆಂಗಳೂರು ಹೆದ್ದಾರಿ ಹಾಯುತ್ತದೆ. ನಾವು ಊರಿಗೆ ರಾತ್ರಿ ಬಸ್ಸು ಹತ್ತುವ ರಸ್ತೆ. ಅದೇ ರಸ್ತೆ ಹಿಡಿದು ಕೊಲ್ಲಾಪುರ ದಾಟಿದರೆ ನಿಪ್ಪಾಣಿ, ಎಡಕ್ಕೆ ಒಳಗೆ ಹೋದರೆ ಚಿಕ್ಕೋಡಿ, ಅಥಣಿ. ಕೊಲ್ಲಾಪುರಿ ಚಪ್ಪಲಿ ಅಂತ ಜಗತ್ತು ಕರೆಯುವುದನ್ನು ಹೊಲಿಯುವ ಊರುಗಳು ಇವು. ಕೊಲ್ಲಾಪುರದ ಅಂಗಡಿಯಲ್ಲಿ ಮಾರುವ ಎಷ್ಟೋ ಜೋಡು ನಮ್ಮ ಬೆಳಗಾವಿ ಜಿಲ್ಲೆಯ ಮನೆಗಳ ಪಡಸಾಲೆಯಲ್ಲಿ ತಯಾರಾದವು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು. ಮೊಳೆ ಇಲ್ಲ, ತೊಗಲಿನ ದಾರದಿಂದಲೇ ಹೊಲಿಗೆ. ತಳ ಕತ್ತರಿಸುವುದು ಹೆಚ್ಚಾಗಿ ಗಂಡಸರು, ಜಡೆ ಹೆಣೆಯುವುದು, ಮೇಲಿನ ಪಟ್ಟಿ ಸಿಂಗರಿಸುವುದು ಹೆಂಗಸರು. ತಳ ಚಪ್ಪಟೆ, ಗಿಣ್ಣು ಬಯಲು, ಹಾಕಲಿಕ್ಕೆ ಬಿಚ್ಚಲಿಕ್ಕೆ ಸುಲಭ. ಲೋ-ಟಾಪ್ ಅನ್ನುವುದು ನಮಗೆ ಹೊಸದೇನೂ ಅಲ್ಲ ಬಿಡಿ!

ಬಾಟಾ ಬಂದದ್ದು

ಹೊಲಿದವರೊಬ್ಬರು, ಮೆಟ್ಟಿದವರೊಬ್ಬರು ಅನ್ನುವ ಈ ಲೆಕ್ಕವನ್ನು ಮೊದಲು ಅಲ್ಲಾಡಿಸಿದ್ದು ಕಾರ್ಖಾನೆ. ಬಾಟಾ ನಮ್ಮದೇ ದೇಶದ ಕಂಪನಿ ಅಂತ ಈಗಲೂ ಬಹಳ ಜನ ತಿಳಿದಿದ್ದಾರೆ. ಅದು ಈಗಿನ ಚೆಕ್ ದೇಶದ ಝ್ಲೀನ್ ಊರಿನ ತೊಮಾಶ್ ಬಾಟ್ಯಾ 1894ರಲ್ಲಿ ಒಡಹುಟ್ಟಿದವರ ಜೊತೆ ಸೇರಿ ಶುರುಮಾಡಿದ್ದು. ಭಾರತದ ಕಂಪನಿ 1931ರಲ್ಲಿ ಕಲ್ಕತ್ತೆಯ ಹತ್ತಿರ ಕೊನ್ನಗರದಲ್ಲಿ ಆರಂಭವಾಯಿತು, 1934ರಲ್ಲಿ ಬಾಟಾನಗರಕ್ಕೆ ಅಡಿಗಲ್ಲು ಬಿತ್ತು. ಅಷ್ಟರಲ್ಲಿ, 1932ರಲ್ಲಿ, ತೊಮಾಶ್ ವಿಮಾನ ಅಪಘಾತದಲ್ಲಿ ತೀರಿಹೋಗಿದ್ದ.

ಬರಿಗಾಲ ದೇಶದಲ್ಲಿ ಬೂಟು ಮಾರುವುದು ಹೇಗೆ? 1938ರ ಬಾಟಾ ಜಾಹೀರಾತೊಂದು ಪ್ರಸಿದ್ಧ. ಧನುರ್ವಾಯು ಬಂದೀತು, ಸಣ್ಣ ಗಾಯವೂ ಅಪಾಯ, ಬೂಟು ಹಾಕಿಕೊಳ್ಳಿ ಅಂತ ಅದು ಎಚ್ಚರಿಸುತ್ತಿತ್ತು. ಅಂದ, ಅಂತಸ್ತು ಯಾವುದೂ ಅಲ್ಲ, ಹೆದರಿಕೆ! ಅದಕ್ಕೂ ಮುಂಚೆ, 1936ರಲ್ಲಿ, ಶಾಲೆಯ ಮಕ್ಕಳ ವ್ಯಾಯಾಮದ ತರಗತಿಗೆ ಅಂತ ಬಿಳಿ ಕ್ಯಾನ್ವಾಸಿನ ಟೆನ್ನಿಸ್ ಶೂ ಭಾರತದಲ್ಲಿ ತಯಾರಿಸಿದೆವು ಅಂತ ಬಾಟಾ ಹೇಳಿಕೊಳ್ಳುತ್ತದೆ. ನಾವು ಪಿ.ಟಿ. ಶೂ ಅಂತ ಕರೆದದ್ದು ಈ ವಂಶದ್ದನ್ನೇ. ಶನಿವಾರ ಬೆಳಗಿನ ಶಾಲೆಗೆ ಬಿಳಿ ಅಂಗಿ, ಬಿಳಿ ಶೂ. ಶುಕ್ರವಾರ ರಾತ್ರಿ ತೊಳೆದು ಬಿಳಿ ಪಾಲಿಶ್ ಬಳಿಯುವುದು, ಅದಿಲ್ಲದಿದ್ದರೆ ಸೀಮೆಸುಣ್ಣ ತಿಕ್ಕುವುದು. ಎನ್.ಸಿ.ಸಿ. ಸೇರಿದವರಿಗೆ ಕಂದು ಬಣ್ಣದ್ದು. ಬೆಲೆಯ ಬಾಲಕ್ಕೆ ಸದಾ 95 ಪೈಸೆ. ಇವತ್ತು ಆನ್‌ಲೈನ್ ಅಂಗಡಿಗಳು 1,999 ಅಂತ ಬರೆಯುವಾಗ ನನಗೆ ನೆನಪಾಗುವುದು ಆ ಬಾಟಾ ಬೆಲೆ.

ಹಾಗಂತ ಎಲ್ಲರ ಕಾಲಿಗೂ ಬೂಟು ಬಂದುಬಿಟ್ಟಿತು ಅಂತಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಇಳಿದ ಭಾರತದ ಫುಟ್‌ಬಾಲ್ ತಂಡದಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಕಳೆದುಕೊಂಡು 2-1ರಿಂದ ಸೋತರು. ನಮ್ಮ ಒಂದು ಗೋಲು ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ಬೂಟಿಲ್ಲದೆ ಆಡುವುದು ಅಭ್ಯಾಸವಾಗಿತ್ತು, ಸಲೀಸೂ ಆಗಿತ್ತು ಅಂತ ಆ ಕಾಲದವರು ಹೇಳುತ್ತಿದ್ದರು. ನಿಜವೇ ಇರಬೇಕು. ಆದರೆ ಅಭ್ಯಾಸ ಅನ್ನುವುದರ ಹಿಂದೆ ಅನಿವಾರ್ಯವೂ ಅಡಗಿರುತ್ತದೆ.

ಆಮೇಲೆ ಬಂದದ್ದು ಹವಾಯಿ ಚಪ್ಪಲಿಯ ಕಾಲ. ಮುಂಬಯಿ ಕಡೆಯ ಕರೋನಾ ಕಂಪನಿಯ ಅಂಗಡಿಗಳು ನಮ್ಮೂರ ಪೇಟೆಯಲ್ಲೂ ಇದ್ದವು. 2020ರ ನಂತರ ಹುಟ್ಟಿದ ಮಕ್ಕಳಿಗೆ ಕರೋನಾ ಅಂದರೆ ಚಪ್ಪಲಿ ಅಂತ ಹೇಳಿದರೆ ನಗುತ್ತಾರೆ. 1991ರಲ್ಲಿ ಬಾಗಿಲು ತೆರೆದ ಮೇಲೆ ವಿದೇಶಿ ಹೆಸರುಗಳು ಒಂದೊಂದಾಗಿ ಬಂದವು. ಅಡಿಡಾಸ್ ಅದಕ್ಕೂ ಮೊದಲೇ, 1989ರಲ್ಲಿ, ಬಾಟಾ ಜೊತೆಗಿನ ಒಪ್ಪಂದದ ಮೂಲಕ ಕಾಲಿಟ್ಟಿತ್ತು. ನೈಕಿ, ರೀಬಾಕ್ ಎರಡೂ 1995ರ ಹೊತ್ತಿಗೆ ಬಂದವು. ಪೂಮಾ ತನ್ನ ಭಾರತದ ಕೇಂದ್ರ ಕಚೇರಿಯನ್ನು ಬೆಂಗಳೂರಿನಲ್ಲೇ ಇಟ್ಟಿದೆ. ನಮ್ಮಲ್ಲಿ ಹಲವರು ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ ತಂದ ಮೇಲೆ ತಮಗೆ ಅಂತ ಕೊಂಡದ್ದು ಇಂಥದೊಂದು ಸ್ಪೋರ್ಟ್ಸ್ ಶೂ. ಅದನ್ನೂ ಭಾನುವಾರಕ್ಕೆ ಅಂತ ಎತ್ತಿಡುತ್ತಿದ್ದೆವು, ಯಾಕೆಂದರೆ ಸೋಮವಾರದಿಂದ ಕಪ್ಪು ಬೂಟು.

2015: ಎರಡು ಆದೇಶ

ಹಿಂಜವಾಡಿಗೆ ಬರೋಣ. ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ ಪುಣೆಯಲ್ಲೇ. 1983ರಲ್ಲಿ ಬೆಂಗಳೂರಿಗೆ ಹೋಯಿತು. ತೊಂಬತ್ತರ ದಶಕದ ಕೊನೆಗೆ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹಿಂಜವಾಡಿಯಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಎಬ್ಬಿಸಿದಾಗ ಅದೇ ಕಂಪನಿ ತಿರುಗಿ ಬಂದು ದೊಡ್ಡ ಆವರಣ ಕಟ್ಟಿತು. ಜೊತೆಗೆ ವಿಪ್ರೋ ಮತ್ತು ಉಳಿದವರು. ಕನ್ನಡದವರು ಹಿಂಡುಹಿಂಡಾಗಿ ಬಂದದ್ದು ಆಗಲೇ. ಹುಬ್ಬಳ್ಳಿ, ಬೆಳಗಾವಿ, ವಿಜಾಪುರ, ಕಲಬುರಗಿ ಕಾಲೇಜುಗಳಿಂದ ಬಂದ ಹುಡುಗರು ಹಳ್ಳಿಯ ಮನೆಗಳ ಮೇಲಿನ ಮಹಡಿಯಲ್ಲಿ ನಾಲ್ಕು ನಾಲ್ಕು ಜನ ಸೇರಿ ಇದ್ದರು. ನಾಲ್ವರ ನಡುವೆ ಒಂದು ಕಪ್ಪು ಪಾಲಿಶಿನ ಡಬ್ಬಿ.

ಆ ಕಪ್ಪು ಬೂಟು ಬರಿಯ ಬೂಟಾಗಿರಲಿಲ್ಲ ನೋಡಿ. ಹೊಲದಲ್ಲಿ ಬರಿಗಾಲಲ್ಲಿ ದುಡಿದ ಅಪ್ಪನ ಮಗ ಅದನ್ನು ಹಾಕಿಕೊಂಡು ಊರಿಗೆ ಹೋದರೆ, ಕಟ್ಟೆಯ ಮೇಲೆ ಕುಳಿತವರು ಮೊದಲು ನೋಡುತ್ತಿದ್ದದ್ದು ಕಾಲು. ಅವನ ಅಜ್ಜ ಚಪ್ಪಲಿ ಕೈಯಲ್ಲಿ ಹಿಡಿದು ಹಾದಿದ್ದ ಓಣಿಯಲ್ಲಿ ಮೊಮ್ಮಗ ಬೂಟು ಸದ್ದು ಮಾಡಿಕೊಂಡು ನಡೆಯುವುದು... ಸದ್ದು ಆಗಲೇಬೇಕಿತ್ತು ಅಲ್ಲಿ. ಕಳ್ಳಹೆಜ್ಜೆಯ ರಬ್ಬರ್ ತಳದಿಂದ ಆ ಕೆಲಸ ಆಗುತ್ತಿರಲಿಲ್ಲ.

2015ರ ಜೂನ್ ಒಂದರಿಂದ ಇನ್ಫೋಸಿಸ್ ವಾರದ ಎಲ್ಲ ದಿನವೂ ಅನೌಪಚಾರಿಕ ಉಡುಪಿಗೆ ಒಪ್ಪಿಗೆ ಕೊಟ್ಟಿತು. ಆವರೆಗೆ ಆ ಸಡಿಲಿಕೆ ಶುಕ್ರವಾರದ್ದು ಮಾತ್ರ. ಅದಕ್ಕೂ ಹಿಂದೆ ವಾರದಲ್ಲಿ ಕೆಲವು ದಿನ ಟೈ ಕೂಡ ಕಟ್ಟಬೇಕಿತ್ತು. ಅಷ್ಟು ದೊಡ್ಡ ಕಂಪನಿ ಬಿಟ್ಟುಕೊಟ್ಟದ್ದು ಸುದ್ದಿಯಾಯಿತು. ಆಮೇಲೆ 2020ರ ಲಾಕ್‌ಡೌನು, ಮನೆಯಿಂದ ಕೆಲಸ. ಎರಡು ವರ್ಷ ಬರಿಗಾಲಲ್ಲಿ ಮೀಟಿಂಗು ಮಾಡಿದವರು ತಿರುಗಿ ಬರುವಾಗ ಕಪ್ಪು ಬೂಟಿಗೆ ಕಾಲು ಒಗ್ಗಲಿಲ್ಲ. ಬಿಳಿ ಗಿಡ್ಡ ಬೂಟು ಗೆದ್ದಿತು.

ಅದೇ 2015-16ನೇ ಸಾಲಿನಲ್ಲಿ ಕರ್ನಾಟಕ ಸರ್ಕಾರ ಇನ್ನೊಂದು ಆದೇಶ ಮಾಡಿತು. ಸರ್ಕಾರಿ ಶಾಲೆಯ ಒಂದರಿಂದ ಹತ್ತನೇ ತರಗತಿಯ ಮಕ್ಕಳಿಗೆ ವರ್ಷಕ್ಕೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಕಾಲುಚೀಲ ಉಚಿತ. ಜನ ಶೂ ಭಾಗ್ಯ ಅಂದರು. ಹಿಂಜವಾಡಿಯ ಕನ್ನಡದ ಎಂಜಿನಿಯರು ಕಪ್ಪು ಬೂಟಿನಿಂದ ಬಿಡುಗಡೆ ಪಡೆದ ವರ್ಷವೇ ಅವನ ಊರ ಶಾಲೆಯ ಮಗುವಿಗೆ ಮೊದಲ ಕಪ್ಪು ಬೂಟು ಸಿಕ್ಕಿತು. ಕೊರೋನಾ ಕಾಲದಲ್ಲಿ ಆ ಯೋಜನೆ ನಿಂತು, 2022ರಲ್ಲಿ ದೊಡ್ಡ ಗದ್ದಲವಾದ ಮೇಲೆ 132 ಕೋಟಿ ರೂಪಾಯಿ ಬಿಡುಗಡೆಯಾಯಿತು. ಒಂದು ಜೊತೆಗೆ ಸರ್ಕಾರ ಇಟ್ಟ ಲೆಕ್ಕ ಮುನ್ನೂರು ರೂಪಾಯಿಯ ಆಸುಪಾಸು. ಹಿಂಜವಾಡಿಯ ಮಾಲಿನಲ್ಲಿ ಆ ದುಡ್ಡಿಗೆ ಬೂಟಿನ ಲೇಸು, ಒಂದು ಡಬ್ಬಿ ಕ್ಲೀನರು ಬಂದೀತು. ಒಬ್ಬನಿಗೆ ಹಾಕುವುದು ಗೌರವ, ಇನ್ನೊಬ್ಬನಿಗೆ ಬಿಡುವುದು ಸ್ವಾತಂತ್ರ್ಯ. ಬೂಟು ಒಂದೇ.

ಹಾಗಾದರೆ ಯಾವುದು ತಗೊಳ್ಳಲಿ?

ಹೋದ ವರ್ಷ ಇಲ್ಲಿ ಕೆಲಸಕ್ಕೆ ಸೇರಿದ ನನ್ನ ಅಕ್ಕನ ಮಗ ಕೇಳಿದ್ದೂ ಇದನ್ನೇ. "ಮಾಮಾ, ದಿನಾ ಹಾಕ್ಕೊಳ್ಳಾಕ ಒಂದು ಚಂದದ ಸ್ನೀಕರ್ ತಗೋಬೇಕಂತ ಮಾಡೇನಿ. ಯಾವುದು ತಗೊಳ್ಳಿ ಹೇಳ್ರಿ." ಮೊಬೈಲಿನಲ್ಲಿ ಹದಿನಾರು ಚಿತ್ರ ಇಟ್ಟುಕೊಂಡು ಬಂದಿದ್ದ. ನಾನು, "ಮೊದಲ ನಿನ್ನ ಕಾಲು ತೋರಸೋ ತಮ್ಮಾ, ಆಮ್ಯಾಲೆ ಚಿತ್ರ ನೋಡೂಣು" ಅಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಅಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿತು. ಅವರಿಗೆ ಕಂಡದ್ದು, ಯುರೋಪು, ಅಮೆರಿಕದವರ ಪಾದಕ್ಕಿಂತ ನಮ್ಮ ಪಾದ ಅಗಲ. ನಾವು ಈವರೆಗೆ ಇಂಗ್ಲಿಷರ ಅಳತೆಯ ಬೂಟಿನಲ್ಲಿ ಕಾಲು ತುರುಕುತ್ತಾ, ಅಗಲ ಸಾಲದ್ದಕ್ಕೆ ಉದ್ದ ಹೆಚ್ಚಿನ ಬೂಟು ಕೊಳ್ಳುತ್ತಾ ಬಂದಿದ್ದೇವೆ. ಭಾರತದ್ದೇ ಆದ ಅಳತೆಗೆ ಅವರು ಇಟ್ಟ ಹೆಸರು 'ಭ'. ಈ ಸುದ್ದಿ 2024ರಲ್ಲಿ ಹೊರಬಂತು. ಅಂಗಡಿಯವನು ಹೇಳುವ ನಂಬರಿಗೆ ಅಂಟಿಕೊಳ್ಳದೆ ಕಿರುಬೆರಳ ಕಡೆ ಒತ್ತುತ್ತದೆಯೇ ನೋಡಿ. "ಹಾಕ್ತಾ ಹಾಕ್ತಾ ಲೂಸ್ ಆಗ್ತದೆ" ಅನ್ನುವ ಮಾತು ಚರ್ಮಕ್ಕೆ ಸ್ವಲ್ಪ ನಿಜ, ಈಗಿನ ರೆಕ್ಸಿನ್ ಥರದ ಬೂಟಿಗೆ ಅಲ್ಲ. ಸಂಜೆ ಹೋಗಿ ಕೊಳ್ಳಿ, ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ. ಎರಡೂ ಕಾಲಿಗೆ ಹಾಕಿ, ನಿಂತು ನೋಡಿ. ಉದ್ದದ ಬೆರಳಿನ ಮುಂದೆ ಮುಕ್ಕಾಲು ಬೆರಳಿನಷ್ಟು ಜಾಗ ಇರಲಿ.

ಎರಡನೆಯದು ತಳ. ಬೂಟನ್ನು ಕೈಯಲ್ಲಿ ಹಿಡಿದು ಮಡಚಿ. ಬೆರಳು ಬಾಗುವ ಕಡೆ ಬಾಗಬೇಕು, ನಡುವೆ ಮುರಿದಂತೆ ಬಾಗಬಾರದು. ತಳದ ಸುತ್ತ ಹೊಲಿಗೆ ಇದೆಯೇ, ಬರೀ ಅಂಟೇ ನೋಡಿ. ಕೆಲವದರಲ್ಲಿ ಹೊಲಿಗೆಯಂತೆ ಅಚ್ಚು ಒತ್ತಿರುತ್ತಾರೆ, ಉಗುರಿನಿಂದ ಕೆದಕಿದರೆ ದಾರವೋ ಅಚ್ಚೋ ಗೊತ್ತಾಗುತ್ತದೆ. ಬಟ್ಟಲಿನಂಥ ರಬ್ಬರ್ ತಳಕ್ಕೆ ಸುತ್ತಲೂ ಹೊಲಿದದ್ದು ಹೆಚ್ಚು ದಿನ ಬರುತ್ತದೆ. ಬಿಟ್ಟುಕೊಂಡರೂ ಚೌಕದ ಮೂಲೆಯಲ್ಲಿ ಕುಳಿತ ಚಮ್ಮಾರನಿಂದ ಹೊಲಿಸಬಹುದು. ಹಳೆಯ ಕ್ಯಾನ್ವಾಸ್ ಬೂಟಿನ ತಳ ತೆಳು. ನೋಡಲು ಚೆಂದ, ಆದರೆ ಹಿಮ್ಮಡಿ ನೋವು ಇದ್ದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ, ದಿನಕ್ಕೆ ಗಂಟೆಗಟ್ಟಲೆ ನಿಲ್ಲುವವರಿಗೆ ಅದು ಬೇಡ.

ಮೂರನೆಯದು ಮಳೆ. 2025ರ ಜೂನಿನಲ್ಲಿ ಹಿಂಜವಾಡಿಯ ರಸ್ತೆಗಳು ಹೊಳೆಯಾದ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಇಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಸ್ವೇಡ್ ಅನ್ನುವ ಮಖಮಲ್ಲಿನಂಥ ಚರ್ಮಕ್ಕೆ ಜಾಗವಿಲ್ಲ. ಕ್ಯಾನ್ವಾಸು ನೆನೆದರೂ ತೊಳೆಯಬಹುದು. ಒಳಗೆ ಹಳೇ ಪೇಪರು ತುರುಕಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಬಿಳಿ ಬಟ್ಟೆ ಹಳದಿ ತಿರುಗುತ್ತದೆ, ಅಂಟೂ ಸಡಿಲವಾಗುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಪಾಲಿಯುರೆಥೇನ್ ತಳದ ಬೂಟನ್ನು ಡಬ್ಬಿಯಲ್ಲಿಟ್ಟು ವರ್ಷಗಟ್ಟಲೆ ಜೋಪಾನ ಮಾಡಿದರೆ ಅದು ಉಳಿಯುವುದಿಲ್ಲ. ಗಾಳಿಯ ತೇವ ಒಳಗೇ ಅದನ್ನು ತಿಂದು, ಒಂದು ದಿನ ಹಾಕಿದಾಗ ಬಿಸ್ಕೀಟಿನ ಹಾಗೆ ಉದುರುತ್ತದೆ. ಮದುವೆಗೆ ಅಂತ ಎತ್ತಿಡುವ ನಮ್ಮ ಹಳೇ ಚಾಳಿ ಈ ಬೂಟಿಗೆ ನಡೆಯುವುದಿಲ್ಲ. ಹಾಕಿ ಸವೆಸಿ!

ನಾಲ್ಕನೆಯದು ದುಡ್ಡು. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿ.ಎಸ್.ಟಿ. ಶೇ. 5, ಅದಕ್ಕೆ ಮೇಲ್ಪಟ್ಟರೆ ಶೇ. 18. ದಿನಬಳಕೆಗೆ ಆ ಗೆರೆಯ ಕೆಳಗೇ ಒಳ್ಳೆಯ ಬೂಟು ಸಿಗುತ್ತದೆ. ಹೆಸರಿನ ಮೋಹಕ್ಕೆ 'ಫಸ್ಟ್ ಕಾಪಿ' ಕೊಳ್ಳುವುದಕ್ಕಿಂತ, ಹೆಸರು ಚಿಕ್ಕದಿದ್ದರೂ ಹೊಲಿಗೆ ಗಟ್ಟಿ ಇರುವುದನ್ನು ಕೊಳ್ಳಿ. ನಕಲಿನಲ್ಲಿ ದುಡ್ಡು ಹೋಗುವುದೆಲ್ಲ ಮೇಲಿನ ಗುರುತಿಗೆ, ಒಳಗಿನ ಮೆತ್ತೆಗೆ ಅಲ್ಲ. ಬಣ್ಣ ಬಿಳಿಯೇ ಬೇಕೆಂದರೆ ಒರೆಸಿದರೆ ಹೋಗುವ ನುಣುಪು ಮೇಲ್ಮೈ ತಗೊಳ್ಳಿ. ಇಲ್ಲವಾದರೆ ಕಂದು, ಬೂದು, ಕಡುನೀಲಿ ಬಣ್ಣಗಳು ಹಿಂಜವಾಡಿಯ ಕೆಸರಿಗೆ ಹೆಚ್ಚು ಹೊಂದುತ್ತವೆ.

ಈ ಗಿಡ್ಡ ಬೂಟು ನಮ್ಮಲ್ಲಿ ಇಷ್ಟು ಬೇಗ ಒಗ್ಗಿದ್ದಕ್ಕೆ ನನಗೆ ಹೊಳೆಯುವ ಕಾರಣ ಫ್ಯಾಷನ್ ಒಂದೇ ಅಲ್ಲ. ನಾವು ದಿನಕ್ಕೆ ಹತ್ತು ಸಲ ಜೋಡು ಬಿಚ್ಚುವ ಜನ. ಮನೆಯ ಹೊಸ್ತಿಲು, ದೇವಸ್ಥಾನ, ಕೆಲವು ಅಂಗಡಿ, ಡಾಕ್ಟರ ಕೋಣೆ. ಗಿಣ್ಣು ಹಿಡಿದುಕೊಳ್ಳುವ ಎತ್ತರದ ಬೂಟು ಇಲ್ಲಿ ಶಿಕ್ಷೆ. ಲೇಸು ಬಿಚ್ಚದೇ ಕಾಲು ಜಾರಿಸಬಹುದಾದದ್ದೇ ನಮ್ಮ ಬದುಕಿಗೆ ಸರಿ.

ಹೊಲಿದವರ ಹೆಸರು

2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಕೊಲ್ಲಾಪುರಿ ಚಪ್ಪಲಿಯಂಥದೇ ಜೋಡು ತೋರಿಸಿ, ಎಲ್ಲಿಯದು ಅಂತ ಹೇಳಲಿಲ್ಲ. ಇಲ್ಲಿ ಸಿಟ್ಟು ಎದ್ದಿತು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಆಗ ಎಲ್ಲರ ಬಾಯಿಗೆ ಬಂತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಾಪುರ ಜಿಲ್ಲೆಗಳಿಗೂ ಅದರಲ್ಲಿ ಪಾಲಿದೆ. ಪುಣೆಯ ಟಿ.ವಿ. ಚರ್ಚೆಗಳಲ್ಲಿ ಈ ಎರಡನೇ ಅರ್ಧ ಅಷ್ಟಾಗಿ ಕೇಳಲಿಲ್ಲ. ಪ್ರಾಡಾ ಮೂಲವನ್ನು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮೋದ್ಯೋಗ ನಿಗಮ ಹಾಗೂ ನಮ್ಮ ಲಿಡ್ಕರ್ ಎರಡರ ಜೊತೆಗೂ ಒಪ್ಪಂದವಾಗಿ, ಎರಡೂ ರಾಜ್ಯಗಳಲ್ಲಿ ಎರಡು ಸಾವಿರ ಜೋಡು ಮಾಡಿಸುವ ಮಾತಾಯಿತು. ಒಂದು ಜೋಡಿಗೆ ಸುಮಾರು 800 ಯೂರೋ ಬೆಲೆ ಅಂತ ಆಗ ಹೇಳಿದ್ದರು. ಅಥಣಿಯ ಪಡಸಾಲೆಯಲ್ಲಿ ಕುಳಿತು ಹೊಲಿಯುವವರಿಗೆ ಅದರಲ್ಲಿ ಎಷ್ಟು ಸೇರುತ್ತದೆ ಅನ್ನುವುದೇ ಮುಖ್ಯ ಪ್ರಶ್ನೆ.

ಸ್ನೀಕರಿನ ಕಥೆಯೂ ಬೇರೆ ಅಲ್ಲ. ನೈಕಿಯ ಬೂಟುಗಳಲ್ಲಿ ಸುಮಾರು ಅರ್ಧದಷ್ಟು ಹೊಲಿಯುವುದು ವಿಯೆಟ್ನಾಮಿನ ಕೈಗಳು. ನಮ್ಮ ತಮಿಳುನಾಡಿನ ರಾಣಿಪೇಟೆ, ಆಂಬೂರು ಕಡೆ ದೊಡ್ಡ ಹೆಸರುಗಳಿಗೆ ಬೂಟು ಹೊಲಿಯುವ ಕಾರ್ಖಾನೆಗಳಿವೆ. ಬೂಟಿನ ಪಕ್ಕದಲ್ಲಿ ಇರುವುದು ಆಟಗಾರನ ಹೆಸರು, ನಾಲಗೆಯ ಮೇಲೆ ಕಂಪನಿಯ ಗುರುತು. ಹೊಲಿದವಳ ಹೆಸರು ಎಲ್ಲೂ ಇಲ್ಲ. ಹರಳಯ್ಯನ ಹೆಸರು ಉಳಿಸಿಕೊಂಡ ನಾವು ಇಷ್ಟಾದರೂ ಕೇಳಬಹುದು.

ಪ್ರತಿ ವರ್ಷ ಆಷಾಢದ ವಾರಿಯಲ್ಲಿ ಜ್ಞಾನೇಶ್ವರರ, ತುಕಾರಾಮರ ಪಾಲಖಿಗಳು ಪುಣೆಗೆ ಬರುತ್ತವೆ. ಅಲ್ಲಿಂದ ಪಂಢರಪುರದ ಹಾದಿ. ಐ.ಟಿ. ದಿಂಡಿ ಅಂತ ಹಿಂಜವಾಡಿಯವರೂ ಒಂದು ದಿನ ಹೆಜ್ಜೆ ಹಾಕುತ್ತಾರೆ, ಅವರ ನಡುವೆ ಕನ್ನಡದವರೂ ಇರುತ್ತಾರೆ. ಪಾಲಖಿ ತಂಗುವ ಕಡೆ ಚಮ್ಮಾರರು ಸಾಲಾಗಿ ಕುಳಿತು ವಾರಕರಿಗಳ ಹರಿದ ಚಪ್ಪಲಿ ಹೊಲಿದುಕೊಡುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ, ಅದು ಅವರ ಸೇವೆ. ಅಲ್ಲಿ ಹವಾಯಿಯೂ ಬರುತ್ತದೆ, ಕೊಲ್ಲಾಪುರಿಯೂ ಬರುತ್ತದೆ, ಎಂಟು ಸಾವಿರದ ಸ್ನೀಕರೂ ಬರುತ್ತದೆ. ಅಂಟಿನದನ್ನು ನೋಡಿ ಅವರು ತಲೆ ಅಲ್ಲಾಡಿಸಿ ಪಕ್ಕಕ್ಕೆ ಇಡುತ್ತಾರೆ, ಹೊಲಿಗೆಯದನ್ನು ತೊಡೆಯ ಮೇಲೆ ಎಳೆದುಕೊಂಡು ದಾರ ಪೋಣಿಸುತ್ತಾರೆ. ಬೂಟು ಕೊಳ್ಳುವಾಗ ಆ ಕೈಗಳನ್ನು ನೆನಪಿಸಿಕೊಳ್ಳಿ. ಅವರು ರಿಪೇರಿ ಮಾಡಬಲ್ಲಂಥದ್ದು ಯಾವುದೋ ಅದನ್ನೇ ತಗೊಳ್ಳಿ.